ಅಪರಿಚಿತರಿಗೆ ಚಿಲಕ, ಪರಿಚಿತರಿಗೆ ಮಣೆ

ಇನ್‌ಸ್ಟಾಗ್ರಾಂನ ‘ಟೀನ್ ಅಕೌಂಟ್’, ಅಂದರೆ ಹದಿಮೂರರಿಂದ ಹದಿನೇಳು ವರ್ಷದವರಿಗೆಂದೇ ರೂಪಿಸಿದ ನಿರ್ಬಂಧಿತ ಖಾತೆ, 2024ರ ಸೆಪ್ಟೆಂಬರಿನಲ್ಲಿ ಅಮೆರಿಕ, ಬ್ರಿಟನ್ ಮೊದಲಾದ ದೇಶಗಳಲ್ಲಿ ಘೋಷಣೆಯಾಗಿ 2025ರ ಫೆಬ್ರುವರಿಯಲ್ಲಿ ಭಾರತಕ್ಕೂ ಬಂದಾಗ ಅದಕ್ಕೆ ದೊರೆತ ಸ್ವಾಗತ ಅದರ ಯೋಗ್ಯತೆಯನ್ನು ಮೀರಿದ್ದು. ಖಾತೆ ತಾನಾಗಿಯೇ ಖಾಸಗಿಯಾಗುವುದು, ಮಕ್ಕಳು ಫಾಲೋ ಮಾಡದವರ ಮೆಸೇಜು ಅವರನ್ನು ತಲುಪದಿರುವುದು, ರಾತ್ರಿ 10ರಿಂದ ಬೆಳಿಗ್ಗೆ 7ರವರೆಗೆ ನೋಟಿಫಿಕೇಶನ್‌ಗಳು ಸುಮ್ಮನಿರುವುದು ಮುಂತಾದ ಅನುಕೂಲಗಳು ಎಲ್ಲರಿಗೂ ಗೊತ್ತಿರುವುದರಿಂದ ಅವನ್ನು ಮತ್ತೆ ವಿವರಿಸುವ ಅಗತ್ಯವಿಲ್ಲ. ಇನ್‌ಸ್ಟಾಗ್ರಾಂನ ಒಡೆತನದ ಮೆಟಾ ಕಂಪನಿಯ ಮಾಜಿ ಎಂಜಿನಿಯರ್ ಆರ್ತುರೊ ಬೆಹಾರ್ ಮತ್ತು ಕೆಲವು ವಿಶ್ವವಿದ್ಯಾಲಯಗಳ ಸಂಶೋಧಕರು 2025ರಲ್ಲಿ 47 ಸುರಕ್ಷತಾ ಸಾಧನಗಳನ್ನು ಪರೀಕ್ಷಿಸಿ, ಅವುಗಳಲ್ಲಿ 30 ಕೆಲಸಕ್ಕೆ ಬಾರದವು ಅಥವಾ ಈಗ ಇಲ್ಲವೇ ಇಲ್ಲ ಎಂದು ವರದಿ ಮಾಡಿದ್ದನ್ನೂ ಮೆಟಾ ಅದನ್ನು ಅಲ್ಲಗಳೆದದ್ದನ್ನೂ ಇಲ್ಲಿ ಬದಿಗಿಡಬಹುದು. ಏಕೆಂದರೆ ನಲವತ್ತೇಳೂ ಚಾಚೂ ತಪ್ಪದೆ ಕೆಲಸ ಮಾಡಿದರೂ ಬೆಂಗಳೂರಿನ ಬಸವನಗುಡಿಯ ಅಥವಾ ಮಲ್ಲೇಶ್ವರದ ಒಂದು ಮನೆಯಲ್ಲಿ ಈ ವ್ಯವಸ್ಥೆ ಯಾರನ್ನು ಯಾರಿಂದ ಕಾಪಾಡುತ್ತದೆ ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ಪ್ರಶ್ನೆಯ ತಿರುಳು ಇರುವುದು ಪೋಷಕರ ಮೇಲ್ವಿಚಾರಣೆ ಎಂಬ ಭಾಗದ ಒಂದೇ ಒಂದು ಪರದೆಯಲ್ಲಿ. ಮಗ ಅಥವಾ ಮಗಳು ಕಳೆದ ಏಳು ದಿನಗಳಲ್ಲಿ ಯಾರ್ಯಾರಿಗೆ ಮೆಸೇಜು ಕಳಿಸಿದ್ದಾರೆ ಎಂಬ ಪಟ್ಟಿಯನ್ನು ತಂದೆತಾಯಿ ಅಲ್ಲಿ ನೋಡಬಹುದು, ಆದರೆ ಮೆಸೇಜಿನಲ್ಲಿ ಏನಿದೆ ಎಂಬುದನ್ನು ಓದಲಾಗದು. ಮಕ್ಕಳ ಗುಟ್ಟು ಮಕ್ಕಳಲ್ಲಿಯೇ ಉಳಿದು, ಹೆತ್ತವರ ಆತಂಕವೂ ತಕ್ಕಮಟ್ಟಿಗೆ ತಣಿಯುವ ಜಾಣ ಹೊಂದಾಣಿಕೆ ಎಂದು ಇದನ್ನು ಹೊಗಳಲಾಗಿದೆ. ಹೊಗಳಿದವರು ಪಟ್ಟಿ ಯಾರ ಕೈಗೆ ಸೇರುತ್ತದೆ ಎಂಬುದನ್ನು ಯೋಚಿಸಿದಂತಿಲ್ಲ. ಒಂದು ಹೆಸರು ಕಿವಿಗೆ ಬಿದ್ದರೆ ಸಾಕು, ಯಾರ ಮನೆಯವನು, ಯಾವ ಕಡೆಯವರು, ಯಾವ ಜನ ಎಂದು ಮೂರು ಮಾತಿನಲ್ಲಿ ಪತ್ತೆ ಹಚ್ಚುವ ಹಳೆಯ ಬಡಾವಣೆಗಳಲ್ಲಿ ಹೆಸರೇ ಎಲ್ಲವನ್ನೂ ಬಯಲು ಮಾಡುತ್ತದೆ. ಕಾಲೇಜಿನ ಬೇರೆ ಜಾತಿಯ, ಬೇರೆ ಮತದ ಗೆಳೆಯನ ಹೆಸರು ಆ ಪಟ್ಟಿಯಲ್ಲಿ ಕಂಡೊಡನೆ ವಿಚಾರಣೆ ಶುರುವಾಗುತ್ತದೆ. ದೊಡ್ಡಮ್ಮನ ಮಗನ ಹೆಸರೋ ಟ್ಯೂಷನ್ ಮೇಷ್ಟರ ಹೆಸರೋ ಕಂಡರೆ ಅಮ್ಮ ನೆಮ್ಮದಿಯಿಂದ ಪರದೆ ಮುಚ್ಚುತ್ತಾಳೆ. ಹೀಗೆ ನಿರುಪದ್ರವಿಯಾದ ಸಂಬಂಧವನ್ನು ಎತ್ತಿ ತೋರಿಸಿ, ಉಪದ್ರವವನ್ನು ಮುಚ್ಚಿಡುವುದರಲ್ಲಿ ಈ ಪಟ್ಟಿ ಎರಡು ಬಾರಿ ಸೋಲುತ್ತದೆ.

ಇದು ಬರಿಯ ತರ್ಕವಲ್ಲ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ ಅತಿ ಗಂಭೀರ ಕಲಮುಗಳಡಿ ದಾಖಲಾಗುವ ಪ್ರಕರಣಗಳಲ್ಲಿ ಹತ್ತಕ್ಕೆ ಒಂಬತ್ತಕ್ಕೂ ಹೆಚ್ಚರಲ್ಲಿ ಆರೋಪಿ ಮಗುವಿಗೆ ಪರಿಚಿತನೇ ಆಗಿರುತ್ತಾನೆಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ವರದಿಗಳು ವರ್ಷ ವರ್ಷವೂ ಹೇಳುತ್ತ ಬಂದಿವೆ. ಅವು ಜಾಲತಾಣದ ಅಪರಾಧಗಳ ಅಂಕಿಗಳಲ್ಲ ಎಂಬ ಆಕ್ಷೇಪ ಸರಿಯೇ. ಆದರೆ ಸಹಪಾಠಿಯ ಫೋಟೊವನ್ನು ಬೆತ್ತಲೆ ಚಿತ್ರಕ್ಕೆ ಅಂಟಿಸಿ ಹರಿಬಿಡುವವನಿಗೆ ಆ ಫೋಟೊ ಸಿಗುವುದು ಅವಳು ಅವನನ್ನು ಫಾಲೋ ಮಾಡಲು ಬಿಟ್ಟಿದ್ದರಿಂದಲೇ ಎಂಬುದನ್ನು ಮರೆಯುವಂತಿಲ್ಲ. ಖಾಸಗಿ ಖಾತೆಯ ಚಿಲಕ ಬೀಳುವುದು ಹೊರಗಿನವರಿಗೆ. ಒಳಗೆ ಕೂತವನಿಗೆ ಅದೇ ಚಿಲಕ ರಕ್ಷೆಯಾಗುತ್ತದೆ.

ಕಾನೂನಿನ ಮಗ್ಗುಲು ಇನ್ನೂ ಕಠಿಣವಾದದ್ದು. ಹದಿನೆಂಟು ತುಂಬದವರ ಸಮ್ಮತಿಗೆ ಪೋಕ್ಸೊ ಕಾಯ್ದೆಯಲ್ಲಿ ಬೆಲೆಯಿಲ್ಲದ ಕಾರಣ, ಹದಿನೇಳರ ಹುಡುಗಿ ಮತ್ತು ಅವಳ ಪ್ರೇಮಿಯ ಪ್ರಕರಣಗಳು ಮನೆಯವರ ದೂರಿನಿಂದ ನ್ಯಾಯಾಲಯ ತಲುಪುವುದನ್ನು ಗಮನಿಸಿದ ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠ, 2022ರ ನವೆಂಬರಿನಲ್ಲಿ ಈ ವಯೋಮಿತಿಯನ್ನು ಮರುಚಿಂತಿಸುವಂತೆ ಕಾನೂನು ಆಯೋಗವನ್ನು ಕೋರಿತು. 2023ರ ಸೆಪ್ಟೆಂಬರಿನ 283ನೇ ವರದಿಯಲ್ಲಿ ಆಯೋಗ ವಯಸ್ಸನ್ನು ಇಳಿಸಬಾರದೆಂದೇ ಹೇಳಿತು. ಆ ತೀರ್ಮಾನದ ಸರಿತಪ್ಪು ಏನೇ ಇರಲಿ, ಇಂಥ ಕಾನೂನಿರುವ ದೇಶದಲ್ಲಿ ಏಳು ದಿನಗಳ ಪಟ್ಟಿಯ ಒಂದು ಸ್ಕ್ರೀನ್‌ಶಾಟ್ ಠಾಣೆಗೆ ಕೊಡುವ ದೂರಿನ ಮೊದಲ ಲಗತ್ತಾಗಬಹುದೆಂಬ ಎಚ್ಚರ ಕ್ಯಾಲಿಫೋರ್ನಿಯಾದ ವಿನ್ಯಾಸಕಾರರಿಗೆ ಇರಲಿಲ್ಲವೆಂದರೆ ಆಶ್ಚರ್ಯವಿಲ್ಲ. ಇಲ್ಲಿನ ಹೊಗಳಿಕೆಗಾರರಿಗೂ ಇರಲಿಲ್ಲವೆಂಬುದು ಆಶ್ಚರ್ಯ.

ವ್ಯವಸ್ಥೆಯ ಇನ್ನೊಂದು ಬಿರುಕು ನಮ್ಮ ಶಿಕ್ಷಣಕ್ರಮಕ್ಕೇ ಸಂಬಂಧಿಸಿದ್ದು. ಹದಿನಾರಕ್ಕಿಂತ ಚಿಕ್ಕವರು ನಿರ್ಬಂಧ ಸಡಿಲಿಸಲು ಪೋಷಕರ ಒಪ್ಪಿಗೆ ಬೇಕು. ಹದಿನಾರು ತುಂಬಿದವರು, ಮೇಲ್ವಿಚಾರಣೆ ಹಾಕಿಲ್ಲದಿದ್ದರೆ, ಹಲವು ನಿರ್ಬಂಧಗಳನ್ನು ತಾವೇ ಸಡಿಲಿಸಿಕೊಳ್ಳಬಹುದು. ಎಸ್ಸೆಸ್ಸೆಲ್ಸಿ ಮುಗಿಸಿ, ಬಸವನಗುಡಿಯ ನ್ಯಾಷನಲ್ ಕಾಲೇಜಿಗೋ ಮಲ್ಲೇಶ್ವರದ ಎಂಇಎಸ್‌ಗೋ ಪಿಯುಸಿಗೆ ಸೇರುವ ವಯಸ್ಸು ಹೆಚ್ಚುಕಡಿಮೆ ಇದೇ. ಅಮ್ಮನ ಫೋನು ಬಿಟ್ಟು ಸ್ವಂತ ಫೋನು ಕೈಗೆ ಬರುವುದೂ ಬಹುಪಾಲು ಮನೆಗಳಲ್ಲಿ ಆಗಲೇ. ಫೋನು ಬರುವ ಹೊತ್ತಿಗೆ ಕಾವಲು ಹೊರಡುತ್ತದೆ. ಅದಕ್ಕೆ ಮೊದಲು ಅಮ್ಮನ ಫೋನಿನಲ್ಲಿ ಹುಟ್ಟಿದ ವರ್ಷವನ್ನು ಹಿಂದಕ್ಕೆ ತಳ್ಳಿ ತೆರೆದ ಖಾತೆಯಾದರೆ ಅದು ಟೀನ್ ಅಕೌಂಟೇ ಅಲ್ಲ.

ಮೆಟಾವನ್ನು ಟೀಕಿಸುವವರಲ್ಲಿ ಹೆಚ್ಚಿನವರು ಟೀಕಿಸುವುದು ತಪ್ಪು ಕಾರಣಕ್ಕಾಗಿ; ಅವರಿಗೆ ಬೇಕಿರುವುದು ನಿಷೇಧ. 2023ರ ಸೆಪ್ಟೆಂಬರಿನಲ್ಲಿ ಎಕ್ಸ್ ಕಂಪನಿಯ ಮೇಲ್ಮನವಿಯ ವಿಚಾರಣೆ ನಡೆಸುತ್ತಿದ್ದ ಕರ್ನಾಟಕ ಹೈಕೋರ್ಟಿನ ವಿಭಾಗೀಯ ಪೀಠ, ಮದ್ಯಕ್ಕಿರುವಂತೆ ಸಾಮಾಜಿಕ ಜಾಲತಾಣಕ್ಕೂ 21ರ ವಯೋಮಿತಿ ಇದ್ದರೆ ಒಳಿತೆಂದು ಮೌಖಿಕವಾಗಿ ಅಭಿಪ್ರಾಯಪಟ್ಟಾಗ, ಆದೇಶವಲ್ಲದ ಆ ಮಾತನ್ನೇ ಪರಿಹಾರವೆಂದು ಕೊಂಡಾಡಿದವರಿಗೆ ಲೆಕ್ಕವಿಲ್ಲ. ಹದಿನೆಂಟಕ್ಕೆ ಮತ ಹಾಕುವವನು ಚುನಾವಣಾ ಪ್ರಚಾರ ನಡೆಯುವ ಜಾಗಕ್ಕೆ ಇಪ್ಪತ್ತೊಂದರವರೆಗೆ ಕಾಲಿಡಬಾರದೆಂಬ ವಾದ ಎಷ್ಟು ವಿಚಿತ್ರವೆಂದು ಕೇಳಿದವರು ಕಡಿಮೆ. 2025ರ ಡಿಸೆಂಬರ್ 10ರಿಂದ ಹದಿನಾರರೊಳಗಿನವರ ಖಾತೆಗಳನ್ನು ನಿಷೇಧಿಸಿದ ಆಸ್ಟ್ರೇಲಿಯ, ತಪ್ಪಿದರೆ ದಂಡವನ್ನು ಮಗುವಿಗಾಗಲಿ ಪೋಷಕರಿಗಾಗಲಿ ವಿಧಿಸದೆ ಕಂಪನಿಗೆ ಮಾತ್ರ ವಿಧಿಸಿತು. ಅದರ ಉದಾಹರಣೆ ಕೊಡುವ ಇಲ್ಲಿನ ಅಂಕಣಕಾರರು ನಿಷೇಧವನ್ನು ಎತ್ತಿಕೊಂಡು ಈ ಭಾಗವನ್ನು ಕೈಬಿಡುತ್ತಾರೆ. ಕಂಪನಿ ಬೀಗದ ಕೈಯನ್ನು ಅಪ್ಪನ ಕೈಗೆ ಕೊಡುತ್ತದೆ, ನಿಷೇಧವಾದಿ ಸರ್ಕಾರದ ಕೈಗೆ. ಮಗುವಿಗೆ ಏಟು ಬಿದ್ದ ಮೇಲೆ ಅದು ಯಾರ ಬಳಿ ಹೋಗಬೇಕೆಂಬುದನ್ನು ಎರಡೂ ಕಡೆಯವರು ಹೇಳುವುದಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಇದಕ್ಕೆ ಹೊರತಲ್ಲ: ಮಕ್ಕಳ ಮೇಲೆ ನಿಗಾ ಇಟ್ಟು ಜಾಹೀರಾತು ತೋರಿಸುವುದನ್ನು ಅದು ತಡೆದದ್ದು ನಿಜಕ್ಕೂ ಒಳ್ಳೆಯ ಕೆಲಸವಾದರೂ, ಹದಿನೆಂಟರೊಳಗಿನ ಎಲ್ಲರಿಗೂ ಪೋಷಕರ ದೃಢೀಕೃತ ಒಪ್ಪಿಗೆಯೇ ಮೂಲಾಧಾರವೆಂದು ಅದು ಭಾವಿಸುತ್ತದೆ.

ಇಷ್ಟೆಲ್ಲ ಗದ್ದಲದಲ್ಲಿ ಉಪೇಕ್ಷೆಗೆ ಒಳಗಾದವು ಎರಡು. ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ 2014ರಲ್ಲಿ ಆರಂಭಿಸಿದ ‘ಶಟ್’ ಕ್ಲಿನಿಕ್, ಅಂದರೆ ತಂತ್ರಜ್ಞಾನದ ಆರೋಗ್ಯಕರ ಬಳಕೆಗೆ ನೆರವಾಗುವ ಸೇವೆ, ಮೊದಲನೆಯದು; ಫೋನು ಕಿತ್ತುಕೊಳ್ಳುವುದೇ ಚಿಕಿತ್ಸೆಯೆಂದು ನಂಬಿರುವ ನಗರದಲ್ಲಿ ಅದರ ಹೆಸರು ಕೇಳಿದವರು ವಿರಳ. ಎರಡನೆಯದು 2021ರ ಮಾಹಿತಿ ತಂತ್ರಜ್ಞಾನ ನಿಯಮಗಳ ಒಂದು ಉಪನಿಯಮ. ವ್ಯಕ್ತಿಯ ನಗ್ನ ಅಥವಾ ತಿರುಚಿದ ಚಿತ್ರದ ಬಗ್ಗೆ ದೂರು ಬಂದರೆ ಜಾಲತಾಣ ಅದನ್ನು 24 ಗಂಟೆಯೊಳಗೆ ಕಾಣದಂತೆ ಮಾಡಬೇಕೆಂದು ಅದು ಆಗ ವಿಧಿಸಿತು; ಅದಕ್ಕಿಂತ ಮುಖ್ಯವಾಗಿ, ಆ ದೂರನ್ನು ಸಂತ್ರಸ್ತರ ಪರವಾಗಿ ಬೇರೆ ಯಾರಾದರೂ ಕೊಡಬಹುದೆಂದಿತು. ಮನೆಯಲ್ಲಿ ಬಾಯಿ ಬಿಡಲಾಗದ ಹುಡುಗಿಯ ಪರವಾಗಿ ಅವಳ ಅಕ್ಕನೋ ಕಾಲೇಜಿನ ಮೇಡಮ್ಮೋ ಅರ್ಜಿ ಬರೆಯಲು ಇದು ಸಾಕು, ಅದಕ್ಕೆ ಅಪ್ಪನ ಒಪ್ಪಿಗೆಯೂ ಬೇಡ, ಏಳು ದಿನಗಳ ಪಟ್ಟಿಯೂ ಬೇಡ. 1098 ಮಕ್ಕಳ ಸಹಾಯವಾಣಿಯ ಸಂಖ್ಯೆಯನ್ನು ಗೋಡೆಗೆ ಬರೆಸುವ ಶಾಲೆಗಳು ಈ ಉಪನಿಯಮವನ್ನೂ ಅದರ ಪಕ್ಕದಲ್ಲಿ ಕನ್ನಡದಲ್ಲಿ ಬರೆಸಲು ತಗಲುವ ಖರ್ಚು ಒಂದು ಡಬ್ಬಿ ಬಣ್ಣದ್ದು.