ಮಾಲು ಯಾರ ಮೈ ಸೇರುತ್ತೆ?

ನಮ್ಮ ಆಕ್ಷನ್ ಸಿನಿಮಾಗಳಲ್ಲಿ ಡ್ರಗ್ಸ್ ಅಂದ್ರೆ ಕಂಟೇನರ್ ಲೆಕ್ಕ. ‘ವಿಕ್ರಮ್’ (2022) ನೋಡಿ. ಮಾಲು ಕಾಣೆಯಾಗುತ್ತೆ, ಗನ್ನುಗಳು ಹೊರಬರುತ್ತವೆ. ವಿಜಯ್ ಸೇತುಪತಿ ಏನೋ ಬಾಯಿಗೆ ಹಾಕ್ಕೊಂಡು ಅಗಿದರೆ ಸಾಕು, ಆನೆಬಲ! ಶಿಳ್ಳೆ ಬೀಳೋದೂ ಅಲ್ಲೇ. ಆ ಮಾಲು ಸೇರೋ ಮೈಗಳು ಮಾತ್ರ ತೆರೆ ಮೇಲೆ ಕಾಣೋದೇ ಕಡಿಮೆ.

ಅಭಿಷೇಕ್ ಚೌಬೆಯ ‘ಉಡ್ತಾ ಪಂಜಾಬ್’ (2016) ನನಗೆ ಹಿಡಿಸೋದು ಇದಕ್ಕೇ. ಆಲಿಯಾ ಭಟ್ ಇಲ್ಲಿ ಬಿಹಾರದಿಂದ ಬಂದ ಕೂಲಿ ಹುಡುಗಿ, ಹಿಂದೆ ಹಾಕಿ ಆಡಿದವಳು. ಹೊಲದಲ್ಲಿ ಸಿಕ್ಕ ಹೆರಾಯಿನ್ ಪೊಟ್ಟಣ ಮಾರೋಕೆ ಹೋಗಿ, ಹೆದರಿ ಬಾವಿಗೆ ಎಸೀತಾಳೆ. ದಂಧೆಯವರು ಅವಳನ್ನ ಕೂಡಿಹಾಕಿ, ಅವಳ ಮೈಗೇ ಸೂಜಿ ಚುಚ್ಚುತ್ತಾರೆ. ಹೊಲದ ಕೂಲಿ ಎಷ್ಟು ಅಂತ ಹಳ್ಳಿಯಲ್ಲಿ ಬೆಳೆದ ನನಗೆ ಗೊತ್ತು; ಅವಳದ್ದು ದುರಾಸೆ ಅನ್ನೋಕೆ ಮನಸ್ಸಾಗಲ್ಲ. ಲಂಚ ತಗೊಂಡು ಲಾರಿ ಬಿಡೋ ಪೊಲೀಸ್ ಸರ್ತಾಜ್‌ಗೂ ಬಿಸಿ ತಟ್ಟೋದು ಸ್ವಂತ ತಮ್ಮನೇ ಚಟಕ್ಕೆ ಬಿದ್ದಾಗ.

ಕೊನೆಗೆ ಈ ಸಿನಿಮಾನೂ ಗುಂಡು ಹಾರಿಸಿಯೇ ಲೆಕ್ಕ ಚುಕ್ತಾ ಮಾಡುತ್ತೆ, ಅದು ಇದರ ಸೋಲು. ಆದರೂ ಸೆನ್ಸಾರ್‌ನವರು ಕತ್ತರಿ ಹಿಡಿದಿದ್ದು ಇಂಥದ್ದಕ್ಕೆ! ಬಾಂಬೆ ಹೈಕೋರ್ಟ್ ಒಂದೇ ಕಟ್‌ನೊಂದಿಗೆ ಬಿಡುಗಡೆಗೆ ದಾರಿ ಮಾಡಿಕೊಟ್ಟಿತು. ಇದನ್ನ ನೋಡಿ ಯಾರಿಗೂ ಚಟದ ಆಸೆ ಹುಟ್ಟಲ್ಲ. ಆನೆಬಲದ ಸೀನ್ ಬಗ್ಗೆ ಅಷ್ಟು ಧೈರ್ಯವಾಗಿ ಹೇಳ್ತೀರಾ?