ಕಾಪು ದೀಪಸ್ತಂಭದ ಛಾಯಾಚಿತ್ರಗಳು

ತಾಳವಾಡಿಯ ಬೆಟ್ಟಸೀಮೆಯ ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ಕಡಲನ್ನು ಕಂಡಿರುವುದು ಚಿತ್ರಗಳಲ್ಲಿಯೇ. ಆದಕಾರಣ ಛಾಯಾಗ್ರಾಹಕನ ಹೊಣೆ ಹಿರಿದು. ಉಡುಪಿ ಜಿಲ್ಲೆಯ ಕಾಪುವಿನಲ್ಲಿ 1901ರಲ್ಲಿ ಕಟ್ಟಿದ ದೀಪಸ್ತಂಭವನ್ನು ನೋಡೋಣ. ಸುಮಾರು 27 ಮೀಟರ್ ಎತ್ತರದ ಈ ಗೋಪುರವನ್ನು ಹಲವರು ಚಿತ್ರದ ನಟ್ಟನಡುವೆ ನಿಲ್ಲಿಸಿ, ಅಡಿಯ ಬಂಡೆಯನ್ನೇ ಕತ್ತರಿಸಿಬಿಡುತ್ತಾರೆ. ಆಗ ಅದನ್ನು ಗುಡಿಯಂಗಳದ ದೀಪಗಂಬವೆಂದರೂ ನಡೆದೀತು! ಗೋಪುರವನ್ನು ಒಂದು ಮಗ್ಗುಲಿಗೆ ಸರಿಸಿ, ಬಂಡೆಯನ್ನೂ ಅದಕ್ಕೆ ಬಡಿಯುವ ತೆರೆಯನ್ನೂ ಉಳಿಸಿಕೊಂಡು, ಮೆಟ್ಟಿಲ ಮೇಲೊಬ್ಬ ಮನುಷ್ಯನಿಗೆ ಎಡೆಗೊಟ್ಟರೆ, ಎತ್ತರವೆಷ್ಟೆಂಬುದು ನೋಡುವವರಿಗೆ ತಿಳಿಯುತ್ತದೆ.

ಸೂರ್ಯಾಸ್ತದ ಮೋಹವಂತೂ ಬಿಡದು. ಕಡಲು ಪಡುವಣಕ್ಕಿರುವುದರಿಂದ ಸಂಜೆ ದಡದಿಂದ ತೆಗೆದ ಚಿತ್ರದಲ್ಲಿ ಗೋಪುರವು ಬರಿಯ ಕರಿನೆರಳು. ನಾವಿಕರು ಹಗಲಿನಲ್ಲಿ ಗುರುತಿಸಲೆಂದು ಬಳಿದ ಕಪ್ಪುಬಿಳಿ ಪಟ್ಟೆಗಳು ಅಳಿಸಿಹೋಗುತ್ತವೆ. ಚೆಲುವಿಗಾಗಿ ಅರ್ಥವನ್ನು ತೆತ್ತ ಇಂಥ ಚಿತ್ರಕ್ಕಿಂತ, ಮೂಡಣ ಬಿಸಿಲು ಪಟ್ಟೆಗಳ ಮೇಲೆ ಬಿದ್ದ ಬೆಳಗಿನ ಚಿತ್ರವೇ ನಮಗೆ ಮೆಚ್ಚು.