ಸರ್ವ್ ಮಾಡುವ ಭುಜ

ಟೆನಿಸ್‌ನಲ್ಲಿ ನನ್ನನ್ನು ಬೆರಗುಗೊಳಿಸುವುದು ಸರ್ವ್ ಮಾಡುವವರ ಭುಜ. ಕೊಡಗಿನ ರೋಹನ್ ಬೋಪಣ್ಣ ಅವರ ಸರ್ವ್ ಅನ್ನು ನಿಧಾನಗತಿಯಲ್ಲಿ ನೋಡಬೇಕು. ಎಡಗೈ ಚೆಂಡನ್ನು ಮೇಲಕ್ಕೆ ಚಿಮ್ಮಿಸುತ್ತದೆ, ಮೊಣಕಾಲು ಬಾಗುತ್ತದೆ, ರಾಕೆಟ್ ಬೆನ್ನ ಹಿಂದಕ್ಕೆ ಇಳಿಯುತ್ತದೆ. ಆ ಗಳಿಗೆಯಲ್ಲಿ ನುರಿತ ಆಟಗಾರರ ತೋಳು ಹಿಂದಕ್ಕೆ ಹೊರಳುವುದು ಸುಮಾರು 170 ಡಿಗ್ರಿ! ಭುಜದ ಕೀಲೊಂದರಿಂದಲೇ ಇಷ್ಟು ಆಗದು; ಬೆನ್ನೆಲುಬು, ಹೆಗಲ ಹಲಗೆ ಎರಡೂ ಕೈಜೋಡಿಸುತ್ತವೆ.

ವರ್ಷಗಟ್ಟಲೆ ಆಡಿದ ಭುಜ ಆಟಕ್ಕೆ ತಕ್ಕಂತೆ ಪಳಗುತ್ತದೆ. ಹೊರಮುಖವಾಗಿ ತಿರುಗುವ ವ್ಯಾಪ್ತಿ ಹೆಚ್ಚುತ್ತದೆ, ಒಳಮುಖವಾಗಿ ತಿರುಗುವ ವ್ಯಾಪ್ತಿ ಕುಗ್ಗುತ್ತದೆ. ಚೆಂಡಿಗೆ ಹೊಡೆದ ಮೇಲೆ ಮುನ್ನುಗ್ಗುವ ತೋಳಿಗೆ ಕಡಿವಾಣ ಹಾಕುವವು ಭುಜದ ಹಿಂಬದಿಯ ಪುಟ್ಟ ಸ್ನಾಯುಗಳು. ಅವು ಬಿಗಿಯಾಗದಂತೆ ಆಟಗಾರರು ಮಗ್ಗುಲಾಗಿ ಮಲಗಿ, ಕೆಳಗಿನ ತೋಳನ್ನು ಮುಂದೆ ಚಾಚಿ, ಮೊಣಕೈ ಮಡಚಿ, ಇನ್ನೊಂದು ಕೈಯಿಂದ ಮುಂಗೈಯನ್ನು ಮೆಲ್ಲನೆ ನೆಲದತ್ತ ಒತ್ತುತ್ತಾರೆ. ಎಷ್ಟು ತಾಳ್ಮೆಯ ಕೆಲಸ!

2024ರಲ್ಲಿ, 43ನೇ ವಯಸ್ಸಿನಲ್ಲಿ, ಬೋಪಣ್ಣ ಮ್ಯಾಥ್ಯೂ ಎಬ್ಡೆನ್ ಜೊತೆಗೂಡಿ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಪ್ರಶಸ್ತಿ ಗೆದ್ದರು. ಪ್ರಶಸ್ತಿಗಿಂತ ಹೆಚ್ಚಾಗಿ ನಾನು ಕೊಂಡಾಡುವುದು, ಅಷ್ಟು ವರ್ಷ ದುಡಿದರೂ ಸಡಿಲವಾಗಿಯೂ ಗಟ್ಟಿಯಾಗಿಯೂ ಉಳಿದ ಆ ಬಲಭುಜವನ್ನು.